‘ಕಡೆ’ ಧಾತುವಿನ ಅರ್ಥವೂ ಜಾಲಿಯ ಕೆಚ್ಚೂ

ಪಠ್ಯಗ್ರಂಥಗಳಿಗೆ ಅರ್ಥಕೋಶವನ್ನು ಬರೆಯುವವರು ಸಾಮಾನ್ಯವಾಗಿ ಕಠಿನಪದಗಳ ಮೇಲೆಯೇ ಶ್ರಮವನ್ನು ವಹಿಸುವರು; ಸುಲಭವೆಂದು ತೋರುವ ಪದಗಳನ್ನು ಒಂದು ಸಮಾನಪದದಿಂದ ದಾಟಿಬಿಡುವರು. ಹೀಗೆ ದಾಟಿಹೋದವುಗಳಲ್ಲಿ ‘ಕಡೆ’ ಎಂಬ ಧಾತುವೂ ಒಂದು. ‘ಕಡೆದ ಕಂಬ’ ಎಂಬಲ್ಲಿ ‘ಕಡೆದ’ ಎಂದರೆ ‘ಕೆತ್ತಿದ’ ಎಂದು ಬರೆಯುವುದೂ ಹಾಗೆಯೇ ಕಲಿಸುವುದೂ ರೂಢಿಯಾಗಿದೆ. ವಿಮರ್ಶಕರಾದರೋ ತಮಗೆ ಮೆಚ್ಚಿಕೆಯಾದ ಪದ್ಯವನ್ನೆಲ್ಲ ‘ಕಡೆದಿಟ್ಟಂತಿದೆ’ ಎನ್ನುವರು. ಈ ಎರಡು ವಾಡಿಕೆಗಳಿಗೂ ಆಧಾರವೇನೆಂದು ವಿಚಾರಿಸುವ ಪ್ರಸಂಗವು ನನಗೆ ಒದಗಿದ್ದು ಪಾಂಡಿತ್ಯದಿಂದಲ್ಲ, ನನ್ನದೇ ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ, ಪದವಿಪೂರ್ವ ತರಗತಿಯ ಒಂದು ಪರೀಕ್ಷೆಯಲ್ಲಿ, ದೇವಾಲಯವರ್ಣನೆಯ ಗದ್ಯಭಾಗದೊಳಗಿನ ‘ಕಡೆದ’ ಎಂಬ ಪದಕ್ಕೆ ಅರ್ಥವನ್ನು ಕೇಳಿದ್ದೆನು. ಒಬ್ಬ ವಿದ್ಯಾರ್ಥಿಯು ‘ಲೇತಿಗೆ ಹಾಕಿ ತಿರುಗಿಸಿ ಮಾಡಿದ’ ಎಂದು ಬರೆದಿದ್ದನು. ಹೊಯ್ಸಳರ ಕಾಲಕ್ಕೆ ಲೇತೆಲ್ಲಿಂದ ಬಂತೆಂದು ನಕ್ಕು, ಕೆಂಪುಮಸಿಯಲ್ಲಿ ‘ಕೆತ್ತಿದ’ ಎಂದು ಬರೆದು ಅಂಕವನ್ನು ಕಳೆದೆನು. ಹುಡುಗನು ಉತ್ತರಪತ್ರಿಕೆಯನ್ನು ಹಿಡಿದುಕೊಂಡು ಬಂದು, “ನಮ್ಮಪ್ಪ ದಿನಾ ಮಾಡೋ ಕೆಲಸ ಅದೇ, ಮೇಷ್ಟ್ರೇ. ಕೆತ್ತೋದು ಬೇರೆ, ಕಡೆಯೋದು ಬೇರೆ” ಎಂದನು. ನಾನು ಒಪ್ಪಲಿಲ್ಲ. ಒಪ್ಪದಿದ್ದುದಕ್ಕೆ ಪದದ ವಿಚಾರಕ್ಕಿಂತ ಮೇಷ್ಟರ ಮರ್ಯಾದೆಯೇ ಹೆಚ್ಚಿನ ಕಾರಣವಾಗಿತ್ತೆಂದು ಈಗ ಹೇಳಬಹುದು.

ಆ ಹುಡುಗನ ತಂದೆಯ ಕೆಲಸದ ಮನೆಯು ಪೀಣ್ಯದಲ್ಲಿತ್ತು. ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಎಂಬ ಸರ್ಕಾರದ ಕಾರ್ಖಾನೆಯು ಸ್ಥಾಪಿತವಾಗಿ, ಸ್ವಿಟ್ಜರ್ಲೆಂಡಿನವರ ಸಹಕಾರದಿಂದ ಲೇತುಗಳನ್ನು ತಯಾರಿಸತೊಡಗಿದ ಮೇಲೆ, ಆ ಸುತ್ತಿನಲ್ಲಿ ಯಂತ್ರದ ಕಸುಬು ನೆಲೆಯೂರಿತು. 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಬಡಾವಣೆಯು ಬೆಳೆದು, ಗಲ್ಲಿಗಲ್ಲಿಗೂ ಲೇತಿನ ಸದ್ದಾಯಿತು. ಅಲ್ಲಿ ಕಡೆಯುವುದೆಲ್ಲ ಬಹುಮಟ್ಟಿಗೆ ಉಕ್ಕು, ಹಿತ್ತಾಳೆ. ಆದರೆ ಎರಕದವರಿಗೆ ಮರದ ಮಾದರಿಗಳು ಬೇಕು, ಉಪಕರಣಗಳಿಗೆ ಹಿಡಿಗಳು ಬೇಕು. ಇವುಗಳಿಗಾಗಿ ಮರವನ್ನು ಕಡೆಯುವವರೂ ಅಲ್ಲಲ್ಲಿ ಇರುವರು. ಆತನು ಇಂಥವರಲ್ಲೊಬ್ಬನು. ನಾನು ಹೋಗುವಾಗ, ಊರಿನ ಮನೆಯಲ್ಲಿ ಮುರಿದುಬಿದ್ದಿದ್ದ ಹಳೆಯ ಗಾಡಿಯ ಒಂದು ಮರದ ತುಂಡನ್ನು ಒಯ್ದಿದ್ದೆನು. ಆತನು ಅದನ್ನು ಕೈಯಲ್ಲಿ ತೂಗಿ ನೋಡಿ, ಉಗುರಿನಿಂದ ಗೀರಿ, “ಜಾಲಿ, ಸ್ವಾಮಿ. ಉಳಿಯ ಬಾಯಿ ತಿನ್ನುತ್ತೆ. ಆದರೆ ಆಮೇಲೆ ಮೋಸ ಮಾಡಲ್ಲ” ಎಂದನು.

ಮೊದಲು ತುಂಡಿನ ನಾಲ್ಕು ಮೂಲೆಗಳನ್ನು ಬಾಚಿಯಿಂದ ತೆಗೆದು ಎಂಟು ಮುಖವಾಗಿ ಮಾಡಿದನು. ಎರಡು ತುದಿಗಳಲ್ಲಿಯೂ ನಡುವನ್ನು ಗುರುತಿಸಿ, ಯಂತ್ರದ ಎರಡು ಮೊನೆಗಳ ನಡುವೆ ಕಚ್ಚಿಸಿದನು. ಯಂತ್ರವು ತಿರುಗತೊಡಗಿದೊಡನೆ ಎಂಟು ಮುಖಗಳು ಕಣ್ಣಿಗೆ ಮರೆಯಾಗಿ ಮಸುಕಾದ ಒಂದು ದುಂಡು ಮಾತ್ರ ಕಾಣಿಸಿತು. ಬಾಯಿ ಬಾಗಿದ ಉಳಿಯನ್ನು ಆಸರೆಯ ಮೇಲಿಟ್ಟು ಮೆಲ್ಲನೆ ಒತ್ತಿದಾಗ ಮೊದಲು ಟಕಟಕ ಎಂಬ ಸದ್ದು. ಮೂಲೆಗಳು ಸವೆದಂತೆಲ್ಲ ಸದ್ದು ಸಮವಾಗಿ, ಕೊನೆಗೆ ಒಂದೇ ಶ್ರುತಿಯಾಯಿತು. ಹೊರಗಿನ ಬಿಳಿಯ ಭಾಗವು ಹೋಗಿ ಕೆಂಗಂದು ಬಣ್ಣದ ಕೆಚ್ಚು ಕಾಣಿಸಿಕೊಂಡಿತು. ಜಾಲಿಯ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಉಳಿಯು ಸ್ವಲ್ಪ ಮೊಂಡಾದರೂ ಸಿಬಿರೇಳುವುದು. ಅದಕ್ಕಾಗಿ ಆತನು ಮೂರು ಸಲ ಉಳಿಯನ್ನು ಸಾಣೆಗೆ ಹಿಡಿದನು. ಚೆನ್ನಾಗಿ ಒಣಗಿದ ಜಾಲಿಯು ಘನಮೀಟರಿಗೆ ಸುಮಾರು 800 ಕಿಲೋಗ್ರಾಂ ತೂಗುವ ಮರ. ಅದರೊಡನೆ ಅವಸರಪಡುವವರು ಉಳಿಯನ್ನೂ ಕೈಯನ್ನೂ ಕೆಡಿಸಿಕೊಳ್ಳುವರು.

ಇಲ್ಲಿ ಗಮನಿಸಬೇಕಾದುದೇನೆಂದರೆ, ಕೆತ್ತುವಾಗ ವಸ್ತುವು ನಿಂತಿರುವುದು, ಉಳಿಯು ಚಲಿಸುವುದು. ಕಡೆಯುವಾಗ ಉಳಿಯು ನಿಂತಿರುವುದು, ವಸ್ತುವು ಚಲಿಸುವುದು. ಇವೆರಡೂ ಒಂದೇ ಕ್ರಿಯೆಯ ಎರಡು ಹೆಸರುಗಳೆಂದು ಹೇಳುವುದು ಹೇಗೆ? ಕೆತ್ತು, ಕಂಡರಿಸು, ಕೊರೆ, ಕಡೆ ಎಂಬಿಷ್ಟು ಧಾತುಗಳನ್ನು ಭಾಷೆಯು ಇಟ್ಟುಕೊಂಡಿರುವಾಗ, ಎಲ್ಲಕ್ಕೂ ‘ಕೆತ್ತು’ ಎಂದು ಅರ್ಥ ಹೇಳಿದರೆ, ಸಂಪತ್ತನ್ನು ಕೈಯಾರೆ ಕಳೆದುಕೊಂಡಂತೆಯೇ ಸರಿ.

ಕಿಟ್ಟೆಲರ 1894ರ ನಿಘಂಟಿನಲ್ಲಿ ‘ಕಡೆ’ ಧಾತುವಿಗೆ ಮೊಸರು ಮೊದಲಾದುವನ್ನು ಮಥಿಸುವುದೆಂಬ ಅರ್ಥವೂ, ತಿರುಗಣೆಯ ಯಂತ್ರದಲ್ಲಿ ರೂಪಿಸುವುದೆಂಬ ಅರ್ಥವೂ ದೊರೆಯುತ್ತವೆ. ತಮಿಳಿನ ‘ಕಡೈ’, ಮಲೆಯಾಳದ ‘ಕಡಯುಗ’ ಇವುಗಳಲ್ಲಿಯೂ ಈ ಎರಡು ಅರ್ಥಗಳು ಜೊತೆಯಾಗಿಯೇ ಇವೆ. ಆದಕಾರಣ ಇದು ಕನ್ನಡದಲ್ಲಿ ಈಚೆಗೆ ಹುಟ್ಟಿದ ಲಾಕ್ಷಣಿಕಪ್ರಯೋಗವಲ್ಲ. ಮಜ್ಜಿಗೆಗೂ ಮರಕ್ಕೂ ಏನು ಸಂಬಂಧ? ವಿದ್ಯುತ್ತಿನ ಲೇತನ್ನು ಮಾತ್ರ ನೋಡಿದವರಿಗೆ ಇದು ಹೊಳೆಯಲಾರದು. ಹಳೆಯ ಕಡೆತದಲ್ಲಿ ಮರದ ತುಂಡಿಗೆ ಹಗ್ಗವನ್ನು ಸುತ್ತಿ, ಒಬ್ಬನು ಎರಡು ತುದಿಗಳನ್ನೂ ಹಿಡಿದು ಒಮ್ಮೆ ಅತ್ತ ಒಮ್ಮೆ ಇತ್ತ ಎಳೆಯುವನು. ಅಥವಾ ಬಿಲ್ಲಿನ ಹೆದೆಯನ್ನು ಸುತ್ತಿ ಕುಶಲಿಯೇ ಒಂದು ಕೈಯಿಂದ ಆಡಿಸುವನು. ತುಂಡು ಉಳಿಯ ಕಡೆಗೆ ತಿರುಗುವಾಗ ಮಾತ್ರ ಮರವು ಹರಿಯುವುದು. ಹಿಂದಕ್ಕೆ ತಿರುಗುವಾಗ ಉಳಿಯನ್ನು ಕೂದಲೆಳೆಯಷ್ಟು ಹಿಂದೆಗೆಯಬೇಕು. ಕಡಗೋಲಿಗೆ ಹಗ್ಗವನ್ನು ಸುತ್ತಿ ಅತ್ತಿತ್ತ ಎಳೆಯುವುದೂ ಇದೇ ಚಲನೆ. ಅರಣಿಯನ್ನು ಕಡೆದು ಅಗ್ನಿಯನ್ನು ಹುಟ್ಟಿಸುವುದೂ ಇದೇ. ಬೆಣ್ಣೆ, ಬೆಂಕಿ, ಬೊಂಬೆ ಈ ಮೂರಕ್ಕೂ ಒಂದೇ ಧಾತುವನ್ನು ಬಳಸಿದವರು ಫಲವನ್ನು ನೋಡಲಿಲ್ಲ, ಕೈಯ ಚಲನೆಯನ್ನು ನೋಡಿದರು. ಪೀಣ್ಯದ ಯಂತ್ರದಲ್ಲಿ ಮರವು ಒಂದೇ ದಿಕ್ಕಿಗೆ ಎಡೆಬಿಡದೆ ತಿರುಗುವುದರಿಂದ ಅಲ್ಲಿ ಆ ಸಾಮ್ಯವು ಮರೆಯಾಗಿದೆ. ಅಲ್ಲಿಯ ಹೊಸ ಕೆಲಸಗಾರರು ‘ಟರ್ನಿಂಗ್’ ಎನ್ನುವುದರಲ್ಲಿ ಆಶ್ಚರ್ಯವಿಲ್ಲ. ಅವರ ಕಣ್ಣಮುಂದೆ ಇರುವುದು ತಿರುಗುವಿಕೆಯೇ ಹೊರತು ಮಥನವಲ್ಲ. ಹುಡುಗನ ತಂದೆಯು ‘ಕಡೆ’ ಎಂದದ್ದು ಬಿಲ್ಲಿನ ಕಾಲದ ತನ್ನ ಹಿರಿಯರಿಂದ ಬಂದ ಮಾತು.

ಚನ್ನಪಟ್ಟಣದ ಬೊಂಬೆಗಳು ಕಡೆತದ ಕೆಲಸವೆಂಬುದು ಎಲ್ಲರಿಗೂ ತಿಳಿದದ್ದೇ. ಅಲ್ಲಿ ಬಳಸುವುದು ಬಿಳಿಯ, ನುಣುಪಾದ ಆಲೆಯ ಮರ. ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜುವಿಕೆಯ ಕಾವಿನಿಂದ ಅರಗು ಕರಗಿ ಮರಕ್ಕೆ ಹತ್ತುವುದು. ಆಲೆಯು ಉಳಿಗೆ ಬೇಗ ಒಲಿಯುವ ಮರ. ಜಾಲಿಯು ಹಟಮಾಡಿ ಒಲಿಯುವ ಮರ. ಆದರೆ ಜಾಲಿಗೆ ಬಣ್ಣದ ಅಗತ್ಯವಿಲ್ಲ.

ಈಗ ಶಿಲ್ಪದ ವಿಚಾರ. ಬೇಲೂರಿನ ಚೆನ್ನಕೇಶವ ದೇವಾಲಯದ (1117) ನವರಂಗದಲ್ಲಿ ನಿಂತು ನೋಡಿದವರಿಗೆ ಅಲ್ಲಿಯ ಕಂಬಗಳು ಒಂದೇ ಜಾತಿಯವಲ್ಲವೆಂದು ತಿಳಿಯುವುದು. ಕೆಲವು ದುಂಡಾಗಿ, ಗಂಟೆಯಂತೆ ತುಂಬಿ, ಕತ್ತಿಯ ಬಾಯಿನಂಥ ಬಳೆಗಳನ್ನು ಧರಿಸಿವೆ. ಕೆಲವು ನಕ್ಷತ್ರದಂತೆ ಮೂಲೆಮೂಲೆಯಾಗಿವೆ. ಮೊದಲನೆಯವನ್ನು ಬಳಪದ ಕಲ್ಲಿನಲ್ಲಿ ತಿರುಗಿಸಿಯೇ ರೂಪಿಸಿರಬೇಕೆಂಬುದು ವಾಸ್ತುವಿದ್ವಾಂಸರಲ್ಲಿ ಪ್ರಬಲವಾದ ಅಭಿಪ್ರಾಯ. ಆ ಬಳೆಗಳ ಸಮತೆಯನ್ನು ಬೇರೆ ರೀತಿಯಿಂದ ವಿವರಿಸುವುದು ಕಷ್ಟ. ಅವು ಕಡೆದ ಕಂಬಗಳು. ನಕ್ಷತ್ರಾಕಾರದವು ಕೆತ್ತಿದುವು. ಮದನಿಕೆಯರು ಕಂಡರಿಸಿದವರು. ನನ್ನ ವಿದ್ಯಾರ್ಥಿಯ ಉತ್ತರದಲ್ಲಿ ನಾನು ನಕ್ಕ ‘ಲೇತು’ ಎಂಬ ಪದ ಮಾತ್ರ ಈಚಿನದು, ವಸ್ತುವು ಹಳೆಯದು. ಪುರಾಣದಲ್ಲಿ ವಿಶ್ವಕರ್ಮನು ಮಗಳಾದ ಸಂಜ್ಞೆಗಾಗಿ ಸೂರ್ಯನನ್ನೇ ಇಂಥ ಯಂತ್ರಕ್ಕೇರಿಸಿ ಅವನ ತೇಜಸ್ಸನ್ನು ಕಡಿಮೆಮಾಡಿದನಷ್ಟೆ. ಆ ಯಂತ್ರವು ಸಾಣೆಯೇ ಕಡೆತದ ಯಂತ್ರವೇ ಎಂದು ಸಂದೇಹಪಡಲು ಎಡೆಯುಂಟು. ಸಾಣೆಯಿಂದ ಉದುರುವುದು ಪುಡಿ, ಕಡೆತದಿಂದ ಉದುರುವುದು ಸಿಪ್ಪೆ. ಉದುರಿದ ತೇಜಸ್ಸಿನಿಂದ ವಿಷ್ಣುವಿನ ಚಕ್ರವೂ ಶಿವನ ತ್ರಿಶೂಲವೂ ಆದುವೆಂಬ ಕಥೆಯು ಎರಡನೆಯದಕ್ಕೇ ಹೆಚ್ಚಾಗಿ ಒಪ್ಪುವುದೆಂದು ನನಗೆ ತೋರುತ್ತದೆ.

‘ವಿಗ್ರಹವನ್ನು ಕಡೆದನು’ ಎಂದು ಜನರು ಹೇಳುವುದಿಲ್ಲವೆ ಎಂದು ಕೇಳಬಹುದು. ಹೇಳುತ್ತಾರೆ. ರೂಢಿಯಲ್ಲಿ ಅರ್ಥವು ಹಿಗ್ಗುವುದು ಸಹಜ. ಅದನ್ನು ತಪ್ಪೆಂದು ತೆಗೆದುಹಾಕಲು ನಾನು ಹೊರಟಿಲ್ಲ. ನನ್ನ ಆಕ್ಷೇಪಣೆಯು ಹಿಗ್ಗಿದ ಅರ್ಥವನ್ನು ಉಳಿಸಿಕೊಂಡು ಮೂಲಾರ್ಥವನ್ನು ತಪ್ಪೆಂದು ಹೊಡೆದುಹಾಕುವ ಅಧ್ಯಾಪಕರ ಮೇಲೆ. ಎಂದರೆ ಮೊದಲಿಗೆ ನನ್ನ ಮೇಲೆ.

ವಿಮರ್ಶೆಯ ಪರಿಭಾಷೆಗೆ ಬಂದರೆ ಈ ಭೇದವು ಇನ್ನೂ ಉಪಯುಕ್ತವಾದದ್ದು. ಕಡೆದ ವಸ್ತುವಿಗೆ ಕಣ್ಣಿಗೆ ಕಾಣದ ಒಂದು ಅಚ್ಚು ಇರುವುದು. ಅದರ ಎಲ್ಲ ಅಂಗಗಳೂ ಆ ಅಚ್ಚಿನ ಸುತ್ತ ತಿರುಗಿ ಆದುವು. ಸರ್ವಜ್ಞನ ತ್ರಿಪದಿಗಳನ್ನು ‘ಕಡೆದವು’ ಎಂದರೆ ಅದು ಬರಿಯ ಹೊಗಳಿಕೆಯಲ್ಲ, ಲಕ್ಷಣವೇ ಆಗುವುದು: ವಸ್ತುವೇನೇ ಆಗಿರಲಿ, ಪದ್ಯವು ಸುತ್ತಿಬಂದು ಅದೇ ಅಂಕಿತದಲ್ಲಿ ನಿಲ್ಲುವುದು. ಪಲ್ಲವಿಗೆ ಮರಳಿ ಮರಳಿ ಬರುವ ದಾಸರ ಕೀರ್ತನೆಗಳಿಗೂ ಈ ಮಾತು ಸಲ್ಲುವುದು. ರನ್ನನ ಗದಾಯುದ್ಧವನ್ನು ಕಡೆದದ್ದೆಂದರೆ ಒಪ್ಪದು. ಸಿಂಹಾವಲೋಕನಕ್ರಮದಿಂದ ಹಿಂದಿನದನ್ನು ನೋಡುತ್ತ ನಡೆಯುವ ಆ ಕಾವ್ಯದಲ್ಲಿ ಒಂದೊಂದು ಸನ್ನಿವೇಶವೂ ಬೇರೆ ಬೇರೆ ಉಳಿಯ ಏಟಿನಿಂದ ಆದದ್ದು. ಅದು ಕಂಡರಿಸಿದ ಕಾವ್ಯ. ಹರಿಹರನ ರಗಳೆಗಳನ್ನು ಎರಡರಲ್ಲಿ ಯಾವುದಕ್ಕೂ ಸೇರಿಸಲಾರೆ. ಅವು ಎರಕದವು ಎಂದು ಯಾರಾದರೂ ಹೇಳಿದರೆ ಕೇಳಿಕೊಳ್ಳಲು ಸಿದ್ಧನಿದ್ದೇನೆ.

ಮರದ ಮಾತನ್ನು ಎತ್ತಿದ್ದರಿಂದ ಜಾಲಿಯ ಬಗ್ಗೆಯೂ ಒಂದು ಮಾತು. ಪುರಂದರದಾಸರು ದುರ್ಜನರನ್ನು ಜಾಲಿಯ ಮರಕ್ಕೆ ಹೋಲಿಸಿದ್ದಾರೆ. ಅದರ ಮುಳ್ಳು, ನೆರಳಿಲ್ಲದಿರುವಿಕೆ, ಹಸಿದವನಿಗೆ ಹಣ್ಣಿಲ್ಲದಿರುವಿಕೆ ಇವೇ ಹೋಲಿಕೆಗೆ ಆಧಾರ. ಉಪಮೆಯು ದಾರಿಹೋಕನ ಕಣ್ಣಿನಿಂದ ಆದದ್ದು. ಆ ದೃಷ್ಟಿಯಿಂದ ಅದು ನಿರ್ದುಷ್ಟವಾಗಿದೆ. ಆದರೆ ತರಗತಿಗಳಲ್ಲಿ ಜಾಲಿಯೆಂದರೆ ನಿಷ್ಪ್ರಯೋಜಕವಾದ ಮರವೆಂದೇ ಟಿಪ್ಪಣಿ ಕೊಡುವುದುಂಟು. ನೇಗಿಲು, ಗಾಡಿಯ ಚಕ್ರ, ಒನಕೆ, ಗಾಣ ಇವೆಲ್ಲ ಜಾಲಿಯಿಂದ ಆಗುತ್ತಿದ್ದುವು. ತೊಗಟೆಯಿಂದ ಚರ್ಮವನ್ನು ಹದಮಾಡುತ್ತಿದ್ದರು. ಕಾಯಿಗಳನ್ನು ಆಡುಗಳು ತಿನ್ನುವುವು. ಬಡಗಿಯ ಕಣ್ಣಿಗೆ ಮೊದಲು ಕಾಣುವುದು ಕೆಚ್ಚು. ‘ಕೆಚ್ಚೆದೆ’ ಎಂಬ ಪದವನ್ನು ‘ಧೈರ್ಯವುಳ್ಳ ಎದೆ’ ಎಂದು ನಾವು ಕಲಿಸುವಾಗ, ಆ ಧೈರ್ಯವು ಮರದ ನಡುವಿನಿಂದ ಬಂದದ್ದೆಂದು ಹೇಳುವುದೇ ಇಲ್ಲ.

ಇನ್ನೊಂದು ವಿನೋದ. ಶಾಸ್ತ್ರಜ್ಞರು ‘ಅಕೇಶಿಯ’ ಎಂದು ಮೊದಲು ಹೆಸರಿಟ್ಟದ್ದು ನಮ್ಮ ಜಾಲಿಯ ಕುಲಕ್ಕೇ. 2005ರ ವಿಯೆನ್ನಾ ಸಸ್ಯಶಾಸ್ತ್ರ ಸಮ್ಮೇಲನದಲ್ಲಿ ಆ ಹೆಸರು ಆಸ್ಟ್ರೇಲಿಯದ ಮರಗಳಿಗೆ ಸೇರುವಂತೆ ತೀರ್ಮಾನವಾಗಿ, 2011ರ ಮೆಲ್ಬರ್ನ್ ಸಮ್ಮೇಲನದಲ್ಲಿ ಅದು ಸ್ಥಿರವಾಯಿತು. ಜಾಲಿಯು ಈಗ ‘ವ್ಯಾಚೆಲಿಯ’. ನಮ್ಮ ಜನರು ಅದಕ್ಕೆ ಮೊದಲೇ, ಅರಣ್ಯ ಇಲಾಖೆಯು ನೆಡಿಸಿದ ಮುಳ್ಳಿಲ್ಲದ ಆಸ್ಟ್ರೇಲಿಯದ ಮರವನ್ನು ‘ಅಕೇಶಿಯ’ ಎಂದೂ, ಮುಳ್ಳಿನ ಮರವನ್ನು ‘ಜಾಲಿ’ ಎಂದೂ ಕರೆಯುತ್ತಿದ್ದರು. ಭಾಷಾಂತರಕಾರರು ಇಂಗ್ಲಿಷಿನ ‘ಅಕೇಶಿಯ’ವನ್ನು ಕಂಡಲ್ಲೆಲ್ಲ ‘ಜಾಲಿ’ ಎಂದು ಬರೆಯುವ ಮುನ್ನ ಅದು ಯಾವ ನಾಡಿನ ಮರವೆಂದು ವಿಚಾರಿಸಬೇಕು.

ಆ ದಿನ ಕಡೆದದ್ದು ಒಂದು ಸಣ್ಣ ಕಡಗೋಲು. ಯಂತ್ರವನ್ನು ನಿಲ್ಲಿಸುವ ಮುನ್ನ ಉಪ್ಪುಕಾಗದದಿಂದ ಉಜ್ಜಿ, ಒಂದು ಹಿಡಿ ಜಾಲಿಯ ಹೊಟ್ಟನ್ನೇ ಒತ್ತಿ ಹಿಡಿದು ಆತನು ಅದಕ್ಕೆ ಹೊಳಪನ್ನು ತಂದನು. ಹುಡುಗನು ಆ ವೇಳೆಗಾಗಲೇ ಮುಂದಿನ ತರಗತಿಗೆ ಹೋಗಿದ್ದನು, ಅಂಕವನ್ನು ತಿದ್ದುವ ಅವಕಾಶವಿರಲಿಲ್ಲ. ಪಾಠಕ್ಕೆ ನಾನು ಬರೆದುಕೊಂಡಿದ್ದ ಟಿಪ್ಪಣಿಯಲ್ಲಿ ‘ಕೆತ್ತಿದ’ ಎಂಬುದನ್ನು ಹೊಡೆದು, ಅವನ ಉತ್ತರವನ್ನು, ‘ಲೇತು’ ಎಂಬ ಪದದೊಡನೆಯೇ, ಬರೆದುಕೊಂಡಿದ್ದೇನೆ.