ಅಟ್ಟದ ಮನೆಯೂ ಪರಿಗ್ರಹದ ಪರಿಮಾಣವೂ

ಮಹಾವೀರ ನಿರ್ವಾಣೋತ್ಸವದ ಮರುದಿನ ಅಂಗಡಿಯಲ್ಲಿ ಹೊಸ ಕಿರ್ದಿಯ ಪೂಜೆ ಮುಗಿದ ಮೇಲೆ ನನ್ನ ಮಗನು ಒಂದು ನಕ್ಷೆಯನ್ನು ತಂದು ಗಾದಿಯ ಮುಂದೆ ಹರಡಿದನು. ಗದಗ ಪೇಟೆಯಲ್ಲಿ ನಮ್ಮ ಅಜ್ಜನವರು ಕಟ್ಟಿಸಿದ ಅರಳೆಯ ಗೋದಾಮೊಂದಿದೆ. ಕಲ್ಲಿನ ಗೋಡೆಗಳು, ಸಾಗವಾನಿಯ ತೊಲೆಗಳು, ಮೇಲೆ ವಿಶಾಲವಾದ ಅಟ್ಟ. ಕಟ್ಟಡ ನಿರ್ಮಾಪಕರೊಬ್ಬರು ಅದರ ಗೋಡೆ ತೊಲೆಗಳನ್ನು ಹಾಗೆಯೇ ಉಳಿಸಿ, ಅಟ್ಟವನ್ನು ಎರಡು ವೈಭವದ ವಸತಿಗಳನ್ನಾಗಿ ಮಾರ್ಪಡಿಸಿ ಮಾರುವ ಯೋಜನೆಯನ್ನು ನೀಡಿದ್ದರು. ನಕ್ಷೆಯ ತಲೆಯ ಮೇಲೆ 'ಪಾರಂಪರಿಕ ಲಾಫ್ಟ್' ಎಂದು ಬರೆದಿತ್ತು. ಅದನ್ನು ಕಂಡು ನನಗೆ ನಗು ಬಂದಿತು; ಏಕೆಂದರೆ ಲಾಫ್ಟ್ ಎಂದರೆ ನಮ್ಮ ಅಟ್ಟವೇ. ಅಂಡಿಗೆ, ಹಗ್ಗ, ಹಳೆಯ ಖತಾವಣಿಗಳನ್ನು ಇರಿಸುತ್ತಿದ್ದ ಸ್ಥಳಕ್ಕೆ ಇಂದು ಅರಮನೆಯ ಬೆಲೆ ಬಂದಿದೆ. ನಗು ನಿಂತ ಮೇಲೆ ವಿಚಾರ ಮೊದಲಾಯಿತು. ಆ ವಿಚಾರವನ್ನು ಧರ್ಮಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಬಗೆಯ ವಸತಿಯ ಮೂಲವನ್ನು ಅರಿಯದೆ ಅದನ್ನು ವಿಮರ್ಶಿಸುವುದು ನ್ಯಾಯವಲ್ಲ. ನ್ಯೂಯಾರ್ಕ್ ನಗರದ ಸೋಹೋ ಎಂಬ ಭಾಗದಲ್ಲಿ 19ನೆಯ ಶತಮಾನದಲ್ಲಿ ಎರಕದ ಕಬ್ಬಿಣದ ಮುಖಭಾಗವುಳ್ಳ ಅನೇಕ ಕಟ್ಟಡಗಳು ಎದ್ದವು. ಅವು ಜವಳಿಯ ಮಳಿಗೆಗಳು, ಉಗ್ರಾಣಗಳು, ಕಾರ್ಖಾನೆಗಳು. ಎರಡನೆಯ ಮಹಾಯುದ್ಧದ ನಂತರ ಉದ್ಯೋಗಗಳು ಬೇರೆಡೆಗೆ ಸರಿದು ಅವು ಬರಿದಾದವು. ಆಗ ಕಡಿಮೆ ಬಾಡಿಗೆಯನ್ನೂ ಹೆಚ್ಚು ಬೆಳಕನ್ನೂ ಬಯಸಿದ ಬಡ ಚಿತ್ರಕಾರರು, ಶಿಲ್ಪಿಗಳು ಆ ಅಟ್ಟಗಳಲ್ಲಿ ನೆಲೆಸಿದರು. 1971ರಲ್ಲಿ ನಗರಾಡಳಿತವು ಕಲಾವಿದರ ವಾಸಕ್ಕೆ ಅನುಮತಿ ನೀಡಿತು. 1973ರಲ್ಲಿ ಆ ಪ್ರದೇಶವನ್ನು ಐತಿಹಾಸಿಕವೆಂದು ಘೋಷಿಸಲಾಯಿತು. 1982ರಲ್ಲಿ ಇಂತಹ ಬಾಡಿಗೆದಾರರ ರಕ್ಷಣೆಗಾಗಿ ಕಾಯಿದೆಯೇ ಬಂದಿತು. ಆದರೆ ಕಲಾವಿದರು ನೆಲೆಸಿದರೆಂಬ ಕಾರಣದಿಂದಲೇ ಅಲ್ಲಿ ವಾಸಿಸುವುದು ಪ್ರತಿಷ್ಠೆಯ ಸಂಗತಿಯಾಗಿ, ಬೆಲೆ ಏರಿ, ಹೊಸ ಕಲಾವಿದರಿಗೆ ಅಲ್ಲಿ ಎಡೆಯಿಲ್ಲದಂತಾಯಿತು. ಅಗತ್ಯದಿಂದ ಹುಟ್ಟಿದ ಸರಳತೆಯು ಸಿರಿವಂತರ ಅಲಂಕಾರವಾದ ಬಗೆಯಿದು.

ಇದೇ ನಗರದ ಇನ್ನೊಂದು ಕಟ್ಟಡವು ವ್ಯಾಪಾರಿಯಾದ ನನ್ನನ್ನು ಹೆಚ್ಚು ಚಿಂತೆಗೀಡು ಮಾಡಿದೆ. ಫ್ರಾಂಕ್ ವುಲ್‌ವರ್ತ್ ಎಂಬಾತನು ಐದು ಮತ್ತು ಹತ್ತು ಸೆಂಟುಗಳ ಸಾಮಾನಿನ ಅಂಗಡಿಗಳಿಂದ ಧನವಂತನಾದ ವರ್ತಕ. ಆತನು ಕಟ್ಟಿಸಿದ 792 ಅಡಿ ಎತ್ತರದ ಸೌಧವು 1913ರ ಏಪ್ರಿಲಿನಲ್ಲಿ ಆರಂಭಗೊಂಡು, 1930ರವರೆಗೆ ಜಗತ್ತಿನ ಅತ್ಯಂತ ಎತ್ತರದ ಕಟ್ಟಡವೆನಿಸಿತ್ತು. ಸುಮಾರು 1 ಕೋಟಿ 35 ಲಕ್ಷ ಡಾಲರುಗಳ ವೆಚ್ಚವನ್ನು ಆತನು ಸಾಲ ಮಾಡದೆ ನಗದಾಗಿಯೇ ಭರಿಸಿದನು. ವಾಣಿಜ್ಯಶಾಸ್ತ್ರದ ಪದವೀಧರನಾದ ನಾನು ಇದನ್ನು ಮೆಚ್ಚದಿರಲಾರೆ. ಅದರ ಒಳಾಂಗಣದಲ್ಲಿ ವುಲ್‌ವರ್ತನು ನಾಣ್ಯಗಳನ್ನು ಎಣಿಸುತ್ತಿರುವ ಸಣ್ಣ ಶಿಲ್ಪವೊಂದಿದೆ. ತನ್ನನ್ನು ಕಂಡು ತಾನೇ ನಗಬಲ್ಲ ವಿನಯ ಆ ಸೌಧದಲ್ಲಿತ್ತು. ಅದರ ಶಿಖರದಲ್ಲಿ ಸಾರ್ವಜನಿಕರ ವೀಕ್ಷಣಾಲಯವೂ ಇದ್ದಿತು. ಐದು ಸೆಂಟಿನ ಗಿರಾಕಿಯೂ ಅಲ್ಪ ಶುಲ್ಕ ತೆತ್ತು ಆ ಎತ್ತರದಿಂದ ನಗರವನ್ನು ನೋಡಬಹುದಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಮುಚ್ಚಿತು.

2012ರಲ್ಲಿ ಈ ಸೌಧದ ಮೇಲಿನ ಅಂತಸ್ತುಗಳು 6 ಕೋಟಿ 80 ಲಕ್ಷ ಡಾಲರುಗಳಿಗೆ ಮಾರಾಟವಾಗಿ, ವೈಭವದ ವಸತಿಗಳಾಗಿ ಮಾರ್ಪಟ್ಟವು. ಶಿಖರಭಾಗದ ಮನೆ ಸುಮಾರು ಒಂಬತ್ತೂವರೆ ಸಾವಿರ ಚದರಡಿಯದು. ಅದಕ್ಕೆ 2017ರಲ್ಲಿ ಕೇಳಿದ ಬೆಲೆ 11 ಕೋಟಿ ಡಾಲರು. 2023ರಲ್ಲಿ ಮಾರಿದ್ದು 3 ಕೋಟಿ ಡಾಲರಿಗೆ. ರೂಪಾಯಿಗೆ ಸುಮಾರು ಹನ್ನೆರಡಾಣೆ ಇಳಿಯಿತೆಂದು ನಮ್ಮ ಹಿರಿಯರು ಲೆಕ್ಕ ಹೇಳುತ್ತಿದ್ದರು. ಇದನ್ನು ಕೇವಲ ಪೇಟೆಯ ಏರಿಳಿತವೆಂದು ತಳ್ಳಿಹಾಕಬಹುದು. ನನಗೆ ತೋರುವುದು ಬೇರೆ. ಕೇಳಿದ ಬೆಲೆಯಲ್ಲಿ ಕಲ್ಲು, ಕಬ್ಬಿಣ, ಜಾಗಗಳಿಗಿಂತಲೂ 'ನಾನೊಬ್ಬನೇ ಇಲ್ಲಿರುವೆನು' ಎಂಬ ಭಾವದ ಪಾಲು ದೊಡ್ಡದಿತ್ತು. ಆ ಭಾವಕ್ಕೆ ಯಾವ ಕಿರ್ದಿಯಲ್ಲಿಯೂ ಸ್ಥಿರವಾದ ಬೆಲೆಯಿಲ್ಲ. ಕಟ್ಟಡದ ನಷ್ಟವಾದರೋ ಹಣದ್ದಲ್ಲ. ಗೋಡೆಗಳೆಲ್ಲ ಉಳಿದವು, ಅಲಂಕಾರಗಳೆಲ್ಲ ದುರಸ್ತಿಯಾದವು. ಆದರೆ ಒಂದು ಕಾಲಕ್ಕೆ ಎಲ್ಲರದಾಗಿದ್ದ ನೋಟವು ಒಂದೇ ಕುಟುಂಬದ ಸೊತ್ತಾಯಿತು. ಸಂರಕ್ಷಣೆಯ ಲೆಕ್ಕಪತ್ರದಲ್ಲಿ ಈ ಖರ್ಚನ್ನು ಯಾರೂ ಬರೆಯುವುದಿಲ್ಲ.

ದೂರದ ಮಾತೇಕೆ, ನಮ್ಮ ಬೆಂಗಳೂರಿನಲ್ಲಿಯೇ ಇದರ ಇನ್ನೊಂದು ರೂಪವಿದೆ. ಮಲ್ಯ ಮನೆತನದ ಹಳೆಯ ನಿವಾಸವಿದ್ದ ನಿವೇಶನದಲ್ಲಿ ಕಿಂಗ್‌ಫಿಷರ್ ಟವರ್ಸ್ ಎಂಬ 34 ಅಂತಸ್ತುಗಳ ವಸತಿ ಸಮುಚ್ಚಯ ಎದ್ದಿದೆ. ಅದರ ನೆತ್ತಿಯ ಮೇಲೆ ಸುಮಾರು 40,000 ಚದರಡಿಯ ಮಹಲೊಂದನ್ನು, ಅಮೆರಿಕದ ಅಧ್ಯಕ್ಷರ ಶ್ವೇತಭವನವನ್ನು ನೆನಪಿಸುವಂತೆ ಕಟ್ಟಲಾಯಿತು. ನ್ಯೂಯಾರ್ಕಿನಲ್ಲಿ ಹಳೆಯ ಗೋಡೆಯನ್ನಾದರೂ ಉಳಿಸಿದರು. ಇಲ್ಲಿ ಹಳೆಯ ಮನೆಯನ್ನು ಕೆಡವಿ, ಹೊರನಾಡಿನ ಮನೆಯ ಅನುಕೃತಿಯನ್ನು ಆಕಾಶದಲ್ಲಿರಿಸಿದರು. ಯಾರಿಗಾಗಿ ಅದು ಸಿದ್ಧವಾಗುತ್ತಿತ್ತೋ ಆ ಉದ್ಯಮಿ ವಿಜಯ್ ಮಲ್ಯ ಅವರು 2016ರ ಮಾರ್ಚಿನಲ್ಲಿ ದೇಶವನ್ನು ಬಿಟ್ಟರು. ಅವರ ವ್ಯಾಜ್ಯಗಳ ವಿಚಾರ ನ್ಯಾಯಾಲಯಗಳಿಗೆ ಸೇರಿದ್ದು. ಕಟ್ಟಡದ ವಿಮರ್ಶೆಗೆ ಬೇಕಾದದ್ದು ಇಷ್ಟೇ: ನೆಲದ ಸಂಬಂಧವನ್ನೆಲ್ಲ ಕಡಿದುಕೊಂಡು ಮೇಲಕ್ಕೇರಿದ ಮನೆಯಲ್ಲಿ ನೆರೆಮನೆಯಿಲ್ಲ, ಜಗುಲಿಯಿಲ್ಲ, ಬಾಗಿಲಿಗೆ ಬರುವ ಅತಿಥಿಯಿಲ್ಲ. ಅತಿಥಿಸಂವಿಭಾಗವನ್ನು ವ್ರತವೆಂದು ಬಗೆದ ಶ್ರಾವಕನಿಗೆ ಇಂತಹ ಮನೆಯ ವಾಸ್ತುವೇ ಅಪೂರ್ಣ.

ಅನುಕೃತಿಯೆಂದೊಡನೆ ನಮ್ಮ ಗದಗಿನ ಬಗಲಿನ ನಾಗಾವಿ ನೆನಪಾಗುತ್ತದೆ. ಅಲ್ಲಿ 2016ರಲ್ಲಿ ಸ್ಥಾಪನೆಗೊಂಡ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಾಬರಮತಿ ಆಶ್ರಮದ ಮಾದರಿಯನ್ನು ನಿರ್ಮಿಸಿದ್ದಾರೆ. ಗಿಡ್ಡವಾದ ಹೆಂಚಿನ ಮಾಡು, ಪಡಸಾಲೆ, ಬರಿಯ ಕೋಣೆಗಳು. ಗಾಂಧೀಜಿಯವರಿಗೆ 1891ರಲ್ಲಿ ಮುಂಬಯಿಯಲ್ಲಿ ಪರಿಚಯವಾಗಿ ಅವರ ಧರ್ಮಚಿಂತನೆಯ ಮೇಲೆ ಗಾಢವಾದ ಪ್ರಭಾವ ಬೀರಿದ ರಾಯಚಂದಭಾಯಿಯವರು ಜೈನರು, ವೃತ್ತಿಯಿಂದ ರತ್ನವ್ಯಾಪಾರಿಗಳು. ಎಂದ ಮೇಲೆ ನಾಗಾವಿಯ ಆ ಬರಿಯ ಕೋಣೆಗಳ ಹಿಂದೆ ಒಬ್ಬ ವರ್ತಕ ಶ್ರಾವಕನ ನೆರಳೂ ಇದೆ. ಅನುಕೃತಿಯೆಂಬ ಕಾರಣಕ್ಕೆ ನಾನು ಒಂದನ್ನು ತೆಗಳಿ ಇನ್ನೊಂದನ್ನು ಹೊಗಳುತ್ತಿಲ್ಲ. ಎರಡೂ ಅನುಕೃತಿಗಳೇ. ಒಂದರಲ್ಲಿ ಅನುಕರಿಸಿದ್ದು ಅಧಿಕಾರದ ಠೀವಿಯನ್ನು. ಇನ್ನೊಂದರಲ್ಲಿ, ಎಷ್ಟಿದ್ದರೆ ಸಾಕೆಂಬ ಎಣಿಕೆಯನ್ನು. ಆ ಎಣಿಕೆ ವಿದ್ಯಾರ್ಥಿಗಳ ಬಾಳಿನಲ್ಲಿಳಿಯದಿದ್ದರೆ ನಾಗಾವಿಯದೂ ಬರಿಯ ಹೆಂಚು ಗೋಡೆಗಳಾಗಿಯೇ ಉಳಿದೀತು.

ಈ ಎಣಿಕೆಗೆ ನಮ್ಮಲ್ಲಿ ಪರಿಗ್ರಹಪರಿಮಾಣವೆಂದು ಹೆಸರು. ಗೃಹಸ್ಥನ ಐದನೆಯ ಅಣುವ್ರತವಿದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಬೆಳ್ಳಿಬಂಗಾರಗಳಿಗಿಂತ ಮೊದಲೇ ಹೊಲವನ್ನೂ ಮನೆಯನ್ನೂ ಹೆಸರಿಸಿದ್ದಾರೆ. ಪರಿಗ್ರಹದ ಲಕ್ಷಣವನ್ನಾದರೋ ಅವರು ವಸ್ತುವಿನಲ್ಲಿ ಹೇಳಲಿಲ್ಲ. ವಸ್ತುವಿನ ಮೇಲಣ ಮೂರ್ಛೆಯಲ್ಲಿ ಹೇಳಿದರು. ಆದುದರಿಂದ ಚದರಡಿಯ ಲೆಕ್ಕದಿಂದಲೇ ಒಬ್ಬನನ್ನು ಪಾಪಿಯೆಂದೂ ಇನ್ನೊಬ್ಬನನ್ನು ಪುಣ್ಯವಂತನೆಂದೂ ಹೇಳಲಾಗದು. ಆದರೆ ಚದರಡಿಗೊಂದು ಮಿತಿಯನ್ನು ಮೊದಲೇ ಗೊತ್ತುಮಾಡದಿದ್ದರೆ ಮೂರ್ಛೆ ಎಲ್ಲಿಯವರೆಗೆ ಬೆಳೆಯಿತೆಂಬುದು ಒಡೆಯನಿಗೇ ತಿಳಿಯದು. ವ್ರತವು ಅಳತೆಗೋಲು.

ನನ್ನ ಮಗನ ವಾದವನ್ನು ಇಲ್ಲಿ ಮುಚ್ಚಿಡುವುದು ಅಸತ್ಯವಾದೀತು. ಅವನೆಂದನು: "ಕೆಡವಿ ಹೊಸದು ಕಟ್ಟಿದರೆ ಕಲ್ಲುಗಣಿ, ಮರಳು, ಸುಣ್ಣ, ನೀರು, ಎಲ್ಲದರಲ್ಲಿಯೂ ಆರಂಭಹಿಂಸೆ. ಇದ್ದುದನ್ನೇ ಮಾರ್ಪಡಿಸಿದರೆ ಹಿಂಸೆ ಕಡಿಮೆ. ಜೈನರು ಇದನ್ನು ಮೊದಲು ಒಪ್ಪಬೇಕಲ್ಲವೇ?" ಮಾತು ಸರಿಯಾದುದು. ಹಳೆಯ ಕಟ್ಟಡಕ್ಕೆ ಹೊಸ ಉಪಯೋಗ ಕೊಡುವುದು ತನ್ನಷ್ಟಕ್ಕೆ ದೋಷವಲ್ಲ, ಅದು ಸ್ತುತ್ಯವೇ. ಆದರೆ ನಕ್ಷೆಯನ್ನು ಕೂಡಿಸಿ ಕಳೆದು ನೋಡಿದೆ. ಈಜುಕೊಳ, ಹೊರನಾಡಿನ ಅಮೃತಶಿಲೆ, ದಿನವಿಡೀ ತಂಪುಯಂತ್ರ. ಗೋಡೆಯನ್ನು ಉಳಿಸಿ ಗಳಿಸಿದ ಅಹಿಂಸೆಯನ್ನು ಒಳಾಂಗಣವೇ ತಿಂದುಹಾಕುತ್ತಿತ್ತು. ಜಮೆಯ ಬದಿಯನ್ನು ಮಾತ್ರ ತೋರಿಸುವ ಖಾತೆಯನ್ನು ಯಾವ ಲೆಕ್ಕಿಗನೂ ಒಪ್ಪಲಾರನು.

ಇನ್ನೊಂದು ಸಂಗತಿ ನಕ್ಷೆಯಲ್ಲಿ ಇರಲೇ ಇಲ್ಲ. ಅರಳೆಯ ವ್ಯಾಪಾರ ಇಳಿಮುಖವಾದಂದಿನಿಂದ ಆ ಅಟ್ಟದಲ್ಲಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹಳ್ಳಿಗಳಿಂದ ಗದಗಿಗೆ ಓದಲು ಬರುವ ಹುಡುಗರು ಬಾಡಿಗೆಯಿಲ್ಲದೆ ವಾಸಿಸುತ್ತ ಬಂದಿದ್ದಾರೆ. ಈಗಲೂ ಒಂಬತ್ತು ಜನ ಇದ್ದಾರೆ. ನಕ್ಷೆಯು ಆ ಭಾಗವನ್ನು 'ಖಾಲಿ ಸ್ಥಳ' ಎಂದು ಗುರುತಿಸಿತ್ತು! ಸೋಹೋದ ಕಥೆ ನಮ್ಮ ಅಟ್ಟಕ್ಕೇ ಬಂದಿತಲ್ಲ ಎನಿಸಿತು. ಆದರೆ ನನ್ನ ತಪ್ಪನ್ನೂ ಹೇಳಬೇಕು. ಹೆಂಚು ಸೋರುತ್ತದೆಂದು ಆ ಹುಡುಗರು ಎರಡು ಮಳೆಗಾಲ ಹೇಳಿದ್ದರು. ನಾಳೆ ನೋಡೋಣವೆಂದು ನಾನು ತಳ್ಳಿದೆ. ದುರಸ್ತಿ ಮಾಡದೆ, ಮಾರಲೂ ಬಿಡದೆ, 'ಅಜ್ಜನವರ ಕಟ್ಟಡ'ವೆಂದು ಅಪ್ಪಿಕೊಂಡು ಕುಳಿತ ನನ್ನ ಮಮಕಾರವೂ ಮೂರ್ಛೆಯೇ. ನಿರ್ಮಾಪಕರ ಲೋಭಕ್ಕಿಂತ ಅದು ಬೇರೆಯೆಂದು ನಾನು ಹೇಗೆ ಹೇಳಲಿ?

ಈ ಸಂದಿಗ್ಧದಲ್ಲಿ ಒಂದು ಮುಂಜಾನೆ ಮಗನೊಡನೆ ಲಕ್ಕುಂಡಿಗೆ ಹೋದೆನು. ದಾನಚಿಂತಾಮಣಿ ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದ ಕಂಬಗಳ ನಡುವೆ ಬಹಳ ಹೊತ್ತು ಕುಳಿತೆವು. ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು, 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳೆಂಬುದು ಪ್ರಸಿದ್ಧವೇ ಇದೆ. ಆಕೆಯ ಅಂತಸ್ತಿಗೆ ತಕ್ಕ ಮನೆಯೂ ಇದ್ದೀತು. ಆದರೆ ಅದು ಎಲ್ಲಿತ್ತೆಂದು ಇಂದು ಯಾರೂ ತೋರಿಸುವುದಿಲ್ಲ. ಸಾವಿರ ವರ್ಷಗಳ ಮೇಲೆ ನಾವು ಬಿಸಿಲಿನಿಂದ ಬಂದು ನೆರಳಿನಲ್ಲಿ ಕುಳಿತದ್ದು ಆಕೆ ಎಲ್ಲರಿಗೆಂದು ಬಿಟ್ಟುಕೊಟ್ಟ ಜಾಗದಲ್ಲಿ. ಮಗನು ಏನೂ ಆಡಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ, "ಹೆಂಚಿಗೆ ಎಷ್ಟಾಗಬಹುದು?" ಎಂದು ಕೇಳಿದನು.

ಈಗ ನಾವು ಗೊತ್ತುಮಾಡಿರುವುದು ಹೀಗಿದೆ. ಕೆಳಗಿನ ಗೋದಾಮನ್ನು ಬಾಡಿಗೆಗೆ ಕೊಡುವುದು. ಆ ಬಾಡಿಗೆಯಿಂದ ಮಾಡನ್ನು ದುರಸ್ತಿ ಮಾಡಿಸಿ, ಅಟ್ಟವನ್ನು ವಿದ್ಯಾರ್ಥಿಗಳಿಗೇ ಉಳಿಸುವುದು. ವಾಸದ ಮನೆಯ ಹೊರತು ಬೇರೆ ನಿವಾಸವನ್ನು ಈ ಪೀಳಿಗೆಯಲ್ಲಿ ಕೊಳ್ಳೆವೆಂಬ ಪರಿಮಾಣವನ್ನು ತಂದೆ ಮಗ ಇಬ್ಬರೂ ಸ್ವೀಕರಿಸುವುದು. ಇದರಲ್ಲಿ ಲಾಭ ಕಡಿಮೆಯೆಂದು ನನಗೆ ಗೊತ್ತು. ಅಂಕಿಗಳನ್ನು ಬರೆದೇ ನೋಡಿದ್ದೇನೆ.

ನಮ್ಮ ಬಸದಿಗಳ ವಿಶ್ವಸ್ಥ ಮಂಡಳಿಗಳ ಕೈಯಲ್ಲಿಯೂ ಹಳೆಯ ಧರ್ಮಶಾಲೆಗಳು, ಪಾಠಶಾಲೆಗಳು, ಛತ್ರಗಳು ಇವೆ. ಅವುಗಳಿಗೂ ಇಂತಹ ಬಣ್ಣದ ನಕ್ಷೆಗಳು ಬರುವ ಕಾಲ ದೂರವಿಲ್ಲ. ಮಂಡಳಿಯವರು ಸಹಿ ಹಾಕುವ ಮೊದಲು ನಕ್ಷೆಯಲ್ಲಿ 'ಖಾಲಿ ಸ್ಥಳ' ಎಂದು ಬರೆದಿರುವ ಕೋಣೆಗೆ ಒಮ್ಮೆ ಮೆಟ್ಟಿಲು ಹತ್ತಿ ಹೋಗಿ, ಅಲ್ಲಿ ಯಾರು ಮಲಗುತ್ತಾರೆಂದು ನೋಡಿ ಬರಬೇಕೆಂದು ವಿನಂತಿಸುತ್ತೇನೆ. ಮಾಡು ಸೋರುತ್ತಿದೆಯೇ ಎಂಬುದನ್ನೂ ಅದೇ ಸಮಯದಲ್ಲಿ ನೋಡಬಹುದು.