ಕೋಲು ಹಿಡಿದವರೆಲ್ಲ ಬೇಟೆಗಾರರೇ?

ಬಾದಾಮಿಗೆ ಹೋಗುವವರಿಗೆ ಗುಹೆ ಎಂದರೆ ಮೂರನೆಯ ಗುಹೆ. ಅಲ್ಲಿ ಮಂಗಳೇಶ ಹಾಕಿಸಿದ, ಕ್ರಿ.ಶ. 578ರ ಶಾಸನವಿದೆ, ತ್ರಿವಿಕ್ರಮನಿದ್ದಾನೆ, ಕೆಳಗೆ ಅಗಸ್ತ್ಯತೀರ್ಥ ಕಾಣುತ್ತದೆ, ಸುತ್ತಲೂ ಮಂಗ್ಯಾಗಳ ಕಾಟ. ಫೋಟೊ ತೆಗೆಸಿಕೊಂಡು, ಬನಶಂಕರಿಗೆ ಹೋಗಿ ಕೈಮುಗಿದು, ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರ ಕೈಯ ರೊಟ್ಟಿ-ಪಲ್ಯ ಉಂಡರೆ ಬಾದಾಮಿ ಮುಗಿಯಿತು. ಅದೇ ಗುಡ್ಡಸಾಲಿನ ಮೇಲೆ ನಾಲ್ಕು ಕಿಲೋಮೀಟರಿನಷ್ಟು ನಡೆದರೆ ಸಿಡಿಲಫಡಿ ಎಂಬ ಕಲ್ಲಾಸರೆ ಸಿಗುತ್ತದೆ. ಚಾಲುಕ್ಯರ ಹೆಸರು ಹುಟ್ಟುವುದಕ್ಕೆ ಬಹಳ ಮೊದಲೇ ಯಾರೋ ಅಲ್ಲಿ ಕುಳಿತು ಕೆಂಪು ಬಣ್ಣದಲ್ಲಿ ಗೋಡೆಗೆ ಬರೆದರು. ಅವರು ಹೆಸರು ಬಿಟ್ಟುಹೋಗಲಿಲ್ಲ, ಶಾಸನ ಕೊರೆಯಲಿಲ್ಲ. ಹಾಗಾಗಿ ಅವರ ಬಾಯಲ್ಲಿ ಮಾತು ಇಡುವ ಕೆಲಸವನ್ನು ನಾವೇ ವಹಿಸಿಕೊಂಡಿದ್ದೇವೆ.

ಎಳ್ಳ ಅಮಾಸಿ ಮುಗಿದು ಹದಿನೈದು ದಿನಕ್ಕೆ ನಾನೂ ನನ್ನ ಹೆಂಡತಿಯೂ ಮಸೂತಿಯಿಂದ ಕಾರು ತೆಗೆದುಕೊಂಡು ಹೊರಟೆವು. ಮೊದಲ ದಿನ ಸಿಡಿಲಫಡಿ, ಮರುದಿನ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್. ನೋಡಿದ್ದರ ಬಗ್ಗೆ ಹೇಳುವುದು ಇದೆ. ಆದರೆ ನೋಡುವ ಬಗೆಯ ಬಗ್ಗೆ ಇರುವ ತಕರಾರು ಅದಕ್ಕಿಂತ ದೊಡ್ಡದು, ಅದರಲ್ಲಿ ನಮ್ಮ ಪಾಲೂ ಇದೆ.

ದಾರಿಯ ಬಗ್ಗೆ ಎರಡೇ ಮಾತು. ಕೂಡಗಿಯ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ಬೆನ್ನಿಗೆ ಹಾಕಿಕೊಂಡು ಕೊಲ್ಹಾರಕ್ಕೆ ಬಂದರೆ ಮುಂದೆ ಕೃಷ್ಣೆ. ಆಲಮಟ್ಟಿಯ ಹಿನ್ನೀರು ಹರಡಿಕೊಂಡಿರುವುದರಿಂದ ಕೊರ್ತಿಯ ಕಡೆಗಿನ ಸೇತುವೆ ಮೂರು ಕಿಲೋಮೀಟರಿನಷ್ಟು ಉದ್ದ. ಸೇತುವೆ ಹತ್ತುವ ಮೊದಲು ಸಣ್ಣ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಕೊಲ್ಹಾರದ ಮೊಸರು ಕೊಂಡೆವು. ಗಡಿಗೆ ಬೋರಲು ಮಾಡಿದರೂ ಬೀಳದ ಮೊಸರು ಅದು. ಬೀಳಗಿ ಕ್ರಾಸ್, ಗದ್ದನಕೇರಿ, ಕೆರೂರು ದಾಟುವಾಗ ನೆಲದ ಬಣ್ಣ ಬದಲಾಗುತ್ತದೆ. ನಮ್ಮ ಎರೆಹೊಲದ ಕಪ್ಪು ಹೋಗಿ ಮಸಬು ಬರುತ್ತದೆ, ಮಸಬು ಹೋಗಿ ಬಾದಾಮಿಯ ಕೆಂಪು ಮರಳುಗಲ್ಲು. ಈ ಕೆಂಪಿನ ಮಾತು ಮುಂದೆ ಬರುತ್ತದೆ.

ಸಿಡಿಲಫಡಿಯ ನಡಿಗೆಗೆ ನೆರಳಿಲ್ಲ. ಕಾಲಿಗೆ ತೊಡರುವ ಕುರುಚಲು, ಚಪ್ಪಟೆ ಬಂಡೆ, ಮತ್ತೆ ಕುರುಚಲು. ದಾರಿ ತಪ್ಪದಿರಲೆಂದು ಯಾರೋ ಬಂಡೆಗಳ ಮೇಲೆ ಬಾಣದ ಗುರುತು ಬಳಿದಿದ್ದಾರೆ. ಬಳಿದದ್ದು ಆಯಿಲ್ ಪೇಂಟು. ಚಿತ್ರ ನೋಡಲು ಹೋಗುವ ದಾರಿಯಲ್ಲಿ ಚಿತ್ರಕ್ಕಿಂತ ಹೆಚ್ಚು ಎದ್ದುಕಾಣುವುದು ಈ ಬಾಣಗಳೇ. ನಕ್ಕೆವು. ಆದರೆ ಅವಿಲ್ಲದಿದ್ದರೆ ನಾವು ತಲುಪುತ್ತಿರಲಿಲ್ಲ ಎನ್ನುವುದೂ ಖರೆ.

‘ಇಲ್ಲಿತನಕ ಕಾರ್ ಬರೂವಂಗ ರಸ್ತಾ ಮಾಡಬೇಕ್ರಿ’ ಎನ್ನುವವರು ದಾರಿಯಲ್ಲೇ ಸಿಕ್ಕರು. ಈ ಮಾತಿಗೆ ಪರಿಸರದ ಕಾರಣ ಕೊಟ್ಟು ಬೇಡ ಎನ್ನುವುದು ಸುಲಭ. ನನ್ನ ಕಾರಣ ಬೇರೆ, ಅದು ಕಣ್ಣಿಗೆ ಸಂಬಂಧಿಸಿದ್ದು. ಬಾದಾಮಿಯ ಮರಳುಗಲ್ಲಿನಲ್ಲಿ ಕಬ್ಬಿಣದ ಅಂಶವಿದೆ, ಮಳೆನೀರು ಇಳಿದಲ್ಲೆಲ್ಲ ಅದು ಕೆಂಪು ಕಲೆ, ಕೆಂಪು ಗೆರೆ ಬಿಡುತ್ತದೆ. ಒಂದೂವರೆ ತಾಸು ನಡೆಯುವಷ್ಟರಲ್ಲಿ ಇಂಥ ನೂರಾರು ಗೆರೆಗಳನ್ನು ಕಣ್ಣು ಕಂಡಿರುತ್ತದೆ, ಕಲ್ಲು ತಾನೇ ಬರೆದುಕೊಂಡದ್ದು ಹೇಗಿರುತ್ತದೆಂದು ಗುರುತು ಹಿಡಿದಿರುತ್ತದೆ. ಆಮೇಲೆ ಆಸರೆಯೊಳಗೆ ಹೋದಾಗ, ಮನುಷ್ಯನ ಕೈ ಎಳೆದ ಗೆರೆ ಬೇರೆಯಾಗಿ ಮೇಲೇಳುತ್ತದೆ. ಕಾರಿಳಿದು ಹತ್ತು ಹೆಜ್ಜೆ ಹಾಕಿ ಒಳಬಂದವನಿಗೆ ಎಲ್ಲವೂ ಒಂದೇ ಕೆಂಪು. ಮಧ್ಯಪ್ರದೇಶದ ಭೀಮಬೇಟ್ಕಾದಲ್ಲಿ ರಸ್ತೆ ಆಸರೆಗಳ ಹತ್ತಿರವೇ ಹೋಗುತ್ತದೆ, ಕಟಕಟೆಯಿದೆ, ಫಲಕವಿದೆ. 1957ರಲ್ಲಿ ಪುರಾತತ್ವಜ್ಞ ವಾಕಣಕರರ ಕಣ್ಣಿಗೆ ಬಿದ್ದ ಆ ಜಾಗ 2003ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿತು. ಅಲ್ಲಿನ ಚಿತ್ರಗಳು ನಿಚ್ಚಳವಾಗಿರುವುದರಿಂದ ಆ ಏರ್ಪಾಟು ನಡೆಯುತ್ತದೆ. ಸಿಡಿಲಫಡಿಯ ಮಾಸಿದ ಗೋಡೆಗೆ ಅದನ್ನು ತಂದು ಅಂಟಿಸಿದರೆ ಜನ ಬಂದು, ‘ಏನೂ ಇಲ್ಲಲೇ ಇಲ್ಲಿ’ ಎಂದು ಹೋಗುತ್ತಾರೆ.

ಆಸರೆ ಎಂದರೆ ನಿಜವಾಗಿ ಕಲ್ಲಿನ ಸೇತುವೆ. ಎರಡು ಬಂಡೆಗಳ ನಡುವೆ ಮೂರನೆಯದು ಚಾವಣಿಯಂತೆ ಹಾಸಿಕೊಂಡಿದೆ, ಅದರಲ್ಲಿ ದೊಡ್ಡ ದೊಡ್ಡ ತೂತುಗಳಿವೆ. ಸಿಡಿಲು ಬಡಿದು ಆದ ತೂತು ಅಂತ ಊರವರ ಮಾತು, ಹೆಸರು ಬಂದದ್ದೂ ಅಲ್ಲಿಂದಲೇ. ತೂತುಗಳ ಮೂಲಕ ಬಿಸಿಲು ನೆಲದ ಮೇಲೆ ರೊಟ್ಟಿಯಂತೆ ದುಂಡಗೆ ಬೀಳುತ್ತದೆ. ಹೊರಗಿನ ಉರಿಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಗೋಡೆ ಕಪ್ಪು. ನಮಗಿಂತ ಮೊದಲೇ ಬಂದಿದ್ದ ನಾಲ್ಕೈದು ಹುಡುಗರು ಅದೇ ಕಪ್ಪಿನಲ್ಲಿ ಸೆಲ್ಫಿ ತೆಗೆದುಕೊಂಡು ಹೊರಡುವ ಅವಸರದಲ್ಲಿದ್ದರು. ಹೋಗುವಾಗ ಒಬ್ಬ ಉಪಕಾರದ ಮಾತು ಹೇಳಿದ: ‘ನೀರ ಉಗ್ಗರಿ ಸರ, ಚೊಲೋ ಕಾಣತೈತಿ.’

ನಾನು ಬಾಟಲಿಯ ಮುಚ್ಚಳ ತಿರುಗಿಸಿದ್ದೆ. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿಗೆ ಅದು ತಪ್ಪೆಂದು ಹೊಳೆಯಲೇ ಇಲ್ಲ. ಹೆಂಡತಿ ಕೈ ಹಿಡಿದಳು. ‘ಹುರಮಂಜಿಗೆ ನೀರ ಬಿದ್ರ ಉಳಿತೈತೇನ್ರಿ?’

ಎರಡು ಸಂಗತಿ ಆ ಒಂದು ಪ್ರಶ್ನೆಯಲ್ಲಿದ್ದವು. ಒಂದನೆಯದು, ಜಗತ್ತು ಆಗಲೇ ಬೆಲೆ ತೆತ್ತು ಕಲಿತ ಪಾಠ. ಸಹಾರಾದ ತಸ್ಸಿಲಿ ಬೆಟ್ಟಗಳಲ್ಲಿ, ಇವತ್ತು ಹುಲ್ಲುಕಡ್ಡಿಯೂ ಅಪರೂಪವಾದ ಮರುಭೂಮಿಯಲ್ಲಿ, ದನಗಳ ಹಿಂಡುಹಿಂಡೇ ಗೋಡೆಯ ಮೇಲಿದೆ. 1956ರಲ್ಲಿ ಆನ್ರಿ ಲೋಟ್ ಎಂಬ ಫ್ರೆಂಚ್ ಶೋಧಕ ಚಿತ್ರಕಾರರ ತಂಡ ಕಟ್ಟಿಕೊಂಡು ಹೋಗಿ ಅವುಗಳ ಪ್ರತಿ ತೆಗೆಸಿದ. ಗೆರೆ ಸ್ಪಷ್ಟವಾಗಲೆಂದು ಗೋಡೆಗಳನ್ನು ಒದ್ದೆ ಮಾಡಿಸಿದ. ಪ್ಯಾರಿಸ್ಸಿನಲ್ಲಿ ಪ್ರದರ್ಶನ ಜೋರಾಗಿ ನಡೆಯಿತು, ಮೂಲಚಿತ್ರಗಳು ಮಂಕಾದವು. ನೀರು ಆರುವಾಗ ಕಲ್ಲಿನೊಳಗಿನ ಉಪ್ಪನ್ನು ಮೇಲಕ್ಕೆ ಎಳೆದು ತರುತ್ತದೆ, ಉಪ್ಪಿನ ಪೊರೆಯ ಕೆಳಗೆ ಬಣ್ಣ ಮುಚ್ಚಿಹೋಗುತ್ತದೆ ಇಲ್ಲವೇ ಉದುರುತ್ತದೆ. ಮೂಲಕ್ಕಿಂತ ಫೋಟೊ ಚೆನ್ನಾಗಿರಬೇಕೆಂಬ ಹಟ ಮೊಬೈಲಿನಿಂದ ಹುಟ್ಟಿದ್ದಲ್ಲ.

ಎರಡನೆಯದು ಹುರಮಂಜು ಎಂಬ ಆ ಶಬ್ದ. ನಾನು ಓದಿದ ಪುಸ್ತಕಗಳಲ್ಲಿ ಅದು ಹೆಮಟೈಟ್, ಕಬ್ಬಿಣದ ಆಕ್ಸೈಡ್, ಬಹಳವಾದರೆ ಕಾವಿ. ಅವಳಿಗೆ ಅದು ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಹಚ್ಚುವ ಬಣ್ಣ. ನೋಡುವುದನ್ನು ಅವಳು ಅಲ್ಲಿಂದಲೇ ಶುರುಮಾಡಿದಳು. ಕಾಲು ತಾಸು ಕೂತ ಮೇಲೆ ಗೋಡೆ ಬಿಚ್ಚಿಕೊಂಡಿತು. ಮಾಸಿದ ಕೆಂಪಿನಲ್ಲಿ ಮನುಷ್ಯನಂಥದ್ದೊಂದು, ಕೈಯಲ್ಲಿ ಉದ್ದನೆಯ ಗೀಟು, ಆಚೆ ನಾಲ್ಕು ಕಾಲಿನದೊಂದು. ‘ಬೇಟೆ’ ಎಂದೆ, ಓದಿಕೊಂಡವನ ಧಾಟಿಯಲ್ಲಿ.

‘ಅಲ್ರೀ, ಕೋಲ ಹಿಡದವ್ರೆಲ್ಲ ಬ್ಯಾಟಿಗಾರರ ಏನು? ನಮ್ಮ ಮಾವನವ್ರೂ ಕೋಲ ಹಿಡಕೊಂಡ ದನ ಹೊಡಕೊಂಡ ಹೊಳಿಗೆ ಹೋಗತಿದ್ರಲ್ಲ.’

ಅಪ್ಪನ ಮಾತು ಬಂದದ್ದಕ್ಕೆ ಸುಮ್ಮನಾದೆ. ಆದರೆ ಮಾತು ಹಗುರಾಗಿರಲಿಲ್ಲ. ಕಲ್ಲುಚಿತ್ರದ ಮೇಲಿನ ನಮ್ಮ ಬರವಣಿಗೆಯ ದೊಡ್ಡ ದೋಷವೇ ಈ ಚೀಟಿ ಅಂಟಿಸುವ ಚಾಳಿ. ಸಾಲಾಗಿ ನಿಂತರೆ ಕುಣಿತ, ಒಬ್ಬನೇ ನಿಂತರೆ ಪೂಜಾರಿ, ಕೈಯಲ್ಲಿ ಗೀಟಿದ್ದರೆ ಬೇಟೆ. ಫಲಕಗಳು, ಗೈಡುಗಳು, ಪ್ರವಾಸದ ಪುಸ್ತಕಗಳು ಒಂದರ ಬಾಯಿಂದ ಒಂದು ಇದನ್ನೇ ಎತ್ತಿಕೊಳ್ಳುತ್ತವೆ. ಬೇಟೆ ಎಂದೊಡನೆ ಆದಿಮಾನವ ಬರುತ್ತಾನೆ, ಆದಿಮಾನವ ಬಂದೊಡನೆ ಅವನು ನಮಗೆ ದೂರದವನಾಗುತ್ತಾನೆ, ಅಲ್ಲಿಗೆ ನೋಡುವ ಕೆಲಸ ಮುಗಿಯುತ್ತದೆ.

ನಮ್ಮ ಸೀಮೆಯ ಅಗೆತಗಳು ಹೇಳುವುದು ಬೇರೆ. ಪುರಾತತ್ವಜ್ಞ ಆಲ್ಚಿನ್ 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನ ಬೂದಿದಿಬ್ಬ ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ದಿಬ್ಬವೆಂದರೆ ಸುಟ್ಟ ಸಗಣಿ, ದೊಡ್ಡಿಯಲ್ಲಿ ಒಟ್ಟಿದ್ದು, ಮತ್ತೆ ಮತ್ತೆ ಬೆಂಕಿ ಕಂಡದ್ದು. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲೂ ಅವರೇ ಅಗೆದರು. ಅಲ್ಲಿಯ ಬಂಡೆಗಳ ತುಂಬ ಹೋರಿ. ನಮಗಿನ್ನೂ ಹತ್ತಿರದ ಸುರಪುರ ಸೀಮೆಯಲ್ಲಿ ಬೂದಿಹಾಳ ಎಂದು ಊರಿನ ಹೆಸರೇ ಇದೆ. ಕೆ. ಪದ್ದಯ್ಯನವರು ಅಲ್ಲಿ ವರ್ಷಗಟ್ಟಲೆ ಕೂತು ದೊಡ್ಡಿಯನ್ನೂ ಮನೆಗಳನ್ನೂ ಬಿಡಿಸಿ ತೋರಿಸಿದರು. ಬಳ್ಳಾರಿಯ ಸಂಗನಕಲ್ಲಿನ ಪಕ್ಕದ ಕಪಗಲ್ಲು ಗುಡ್ಡದಲ್ಲಿ ಕರಿಕಲ್ಲನ್ನು ಕಲ್ಲಿನಿಂದಲೇ ಜಜ್ಜಿ ಮೂಡಿಸಿದ ಚಿತ್ರಗಳಲ್ಲಿ ಹೆಚ್ಚಿನವು ಡುಬ್ಬವಿರುವ, ಉದ್ದಕೊಂಬಿನ ದನಗಳು. 1892ರಲ್ಲೇ ಫಾಸೆಟ್ ಅವುಗಳ ಬಗ್ಗೆ ಬರೆದ. ಆ ಕಲ್ಲುಗಳನ್ನು ಬಡಿದರೆ ಗಂಟೆಯಂತೆ ನಾದ ಬರುತ್ತದೆಂದು 2004ರಲ್ಲಿ ಪುರಾತತ್ವಜ್ಞೆ ನಿಕೋಲ್ ಬೋವಿನ್ ಮತ್ತೆ ಎತ್ತಿಹೇಳಿದರು. ಇಷ್ಟೆಲ್ಲ ದನಗಾಹಿಗಳ ನಾಡಿನಲ್ಲಿ ಗೋಡೆಯ ಮೇಲೆ ಮಾತ್ರ ಬೇಟೆಗಾರನೇ ಏಕೆ ಕಾಣಬೇಕು?

ಹಾಗೆಂದು ಹೆಂಡತಿಯ ಮಾತನ್ನು ಪೂರಾ ಒಪ್ಪಿದೆ ಎಂದಲ್ಲ. ಅಪ್ಪನ ದನಗಳನ್ನು ಗೋಡೆಯ ಮೇಲೆ ಕಾಣುವುದೂ ಇನ್ನೊಂದು ಚೀಟಿಯೇ, ಸ್ವಲ್ಪ ಪ್ರೀತಿಯದು ಅಷ್ಟೆ. ಬೂದಿಹಾಳದ ಅಗೆತದಲ್ಲಿ ದನ ಕಡಿದು ಮಾಂಸ ಬಿಡಿಸಿದ ಕಟ್ಟೆಯೂ ಸಿಕ್ಕಿದೆ. ದನ ಸಾಕಿದವರೇ ದನ ತಿಂದವರು. ಕಾರಹುಣ್ಣಿಮೆಯಿಂದ ಕಲ್ಲಿನ ಯುಗದವರೆಗೆ ಒಂದೇ ಹಗ್ಗ ಎಳೆದು ‘ಅಖಂಡ ಪರಂಪರೆ’ ಎಂದು ಭಾಷಣ ಮಾಡುವವರಿಗೆ ಈ ಕಟ್ಟೆ ಎಡವುಗಲ್ಲು. ನಾವಿಬ್ಬರೂ ಗೋಡೆಯ ಮುಂದೆ ಮೊಸರು-ರೊಟ್ಟಿ ಬಿಚ್ಚಿಕೊಂಡು ಜಗಳಾಡಿದೆವು. ಹಿಂಡಿ ಮುಗಿದರೂ ಜಗಳ ಮುಗಿಯಲಿಲ್ಲ. ಅಷ್ಟರಲ್ಲಿ ಬಿಸಿಲಿನ ರೊಟ್ಟಿಗಳು ನೆಲದ ಮೇಲೆ ಮೊಳದಷ್ಟು ಸರಿದಿದ್ದವು, ಮೊದಲು ಕಾಣದಿದ್ದ ಒಂದು ಕಾಲು, ಒಂದು ಬೆನ್ನಿನ ಗೆರೆ ಕಾಣತೊಡಗಿತ್ತು. ಒಬ್ಬನೇ ಬಂದಿದ್ದರೆ ನಾನು ‘ಬೇಟೆ’ ಎಂದು ಬರೆದುಕೊಂಡು ಹತ್ತು ನಿಮಿಷಕ್ಕೆ ಎದ್ದಿರುತ್ತಿದ್ದೆ.

ಹಿರೇಬೆಣಕಲ್ಲಿನ ಮಾತು ಚಿಕ್ಕದು. ಗುಡ್ಡ ಹತ್ತಿದರೆ ಕಲ್ಲುಚಪ್ಪಡಿಯ ಮನೆಗಳು, ದುಂಡನೆಯ ಕಿಂಡಿಯವು, ಎಲ್ಲ ಕೂಡಿ ನಾನೂರರಷ್ಟು ಶಿಲಾಸಮಾಧಿಗಳು. ಜನ ಇದನ್ನು ಮೋರೇರ ಗುಡ್ಡ ಎನ್ನುತ್ತಾರೆ. ಮೋರೇರೆಂದರೆ ಕುಳ್ಳರು, ಈ ಮನೆಗಳು ಅವರವು ಎಂದು ನಂಬಿಕೆ. 2021ರಲ್ಲಿ ಯುನೆಸ್ಕೋದ ಸಂಭಾವ್ಯ ಪಟ್ಟಿಗೆ ಸೇರಿದ ಮೇಲೆ ಹೆಸರು ದೊಡ್ಡದಾಗಿದೆ. ಜಾಗ ಆ ಹೆಸರಿಗೆ ತಕ್ಕದ್ದೇ, ಎರಡು ಮಾತಿಲ್ಲ. ಆದರೆ ಚಿತ್ರಗಳ ಪಾಲಿಗೆ ಈ ಖ್ಯಾತಿಯಿಂದ ನಷ್ಟವೇ ಆಗಿದೆ. ಆಸರೆಗಳಲ್ಲಿ ಕೆಂಪು ಬಣ್ಣದ ಮನುಷ್ಯರಿದ್ದಾರೆ, ದನ-ಜಿಂಕೆಗಳಿವೆ, ಕುದುರೆಗಳಿವೆ. ದನದ ಗೋಡೆಗೆ ಕುದುರೆ ಬಂತೆಂದರೆ ಕಾಲವೇ ಬದಲಾಗಿದೆ ಎಂದರ್ಥ. ನಿಂತು ನೋಡಿದರೆ ಒಂದು ಇತಿಹಾಸವೇ ಇದೆ. ನಿಲ್ಲುವವರು ಯಾರು? ಎಲ್ಲರಿಗೂ ಗುಡ್ಡದ ಮೇಲಿನ, ನಗಾರಿಯಂತೆ ನಾದ ಕೊಡುವ ಕಲ್ಲು ಬಡಿದು ವಿಡಿಯೊ ಮಾಡುವ ಆತುರ. ನಮ್ಮನ್ನು ಕರೆದುಕೊಂಡು ಹೋದ ಹುಡುಗನೂ ಚಿತ್ರದ ಮುಂದೆ ಕೈ ತೋರಿಸಿ ‘ಬ್ಯಾಟಿ ಚಿತ್ರ ರೀ, ನಡೀರಿ’ ಎಂದ. ಹೆಂಡತಿ ನನ್ನ ಕಡೆ ನೋಡಿದಳು. ನಾನು ಬೇರೆ ಕಡೆ ನೋಡಿದೆ.

ಮರಳುವಾಗ ಕಾರಿನಲ್ಲಿ ಮತ್ತೆ ಅದೇ ಜಗಳ, ಹುನಗುಂದದಿಂದ ಆಲಮಟ್ಟಿಯವರೆಗೆ.

ಜೂನಿನಲ್ಲಿ ಕಾರಹುಣ್ಣಿಮೆ ಬಂತು. ನಮ್ಮ ದನದ ಮನೆಯಲ್ಲಿ ಈಗ ಒಂದೇ ಜೋಡಿ. ಹೆಂಡತಿ ಹುರಮಂಜು ತಾ ಎಂದು ಕಳಿಸಿದಳು. ಅಂಗಡಿಯವನು ನಕ್ಕ. ‘ಹುರಮಂಜ ಈಗ ಯಾರ್ ಕೇಳತಾರ್ರಿ ಕಾಕಾ?’ ಎಂದು ಕೆಂಪು ಆಯಿಲ್ ಪೇಂಟಿನ ಸಣ್ಣ ಡಬ್ಬಿ ಕೈಗಿಟ್ಟ. ಸಿಡಿಲಫಡಿಯ ಬಂಡೆಯ ಮೇಲಿನ ಬಾಣದ್ದೂ ಅದೇ ಕೆಂಪು. ಹೊಳೆಯುತ್ತದೆ, ಬೇಗ ಒಣಗುತ್ತದೆ, ನೀರು ಬಿದ್ದರೆ ಏನೂ ಆಗುವುದಿಲ್ಲ.