ಅಸಂಬದ್ಧತೆಯೂ ‘ಸ್ಯಾತ್’ ಪದವೂ

ಒಂದು ಮಾತನ್ನು ಅಸಂಬದ್ಧವೆಂದು ತಳ್ಳಿಹಾಕುವ ಮುನ್ನ ಅದರಲ್ಲಿ ತಪ್ಪಿರುವುದೇನು ಎಂಬುದು ನಿರ್ಣಯವಾಗಬೇಕು. ದಂಡಿಯು ಕಾವ್ಯಾದರ್ಶದ ಹತ್ತು ದೋಷಗಳಲ್ಲಿ ‘ಅಪಾರ್ಥ’ವನ್ನೂ ‘ವ್ಯರ್ಥ’ವನ್ನೂ ಬೇರೆಬೇರೆಯಾಗಿ ಎಣಿಸಿದ್ದಾನೆ. ಪದಗಳಿಗೆ ಬಿಡಿಬಿಡಿಯಾಗಿ ಅರ್ಥವಿದ್ದೂ ಒಟ್ಟಿನಲ್ಲಿ ಅರ್ಥವಿಲ್ಲದಿರುವುದು ಅಪಾರ್ಥ. ಪೂರ್ವಾಪರಗಳು ಒಂದನ್ನೊಂದು ಹೊಡೆದುಹಾಕುವುದು ವ್ಯರ್ಥ. ಮಹಾಭಾಷ್ಯದಿಂದ ಪ್ರಸಿದ್ಧವಾದ ಹತ್ತು ದಾಳಿಂಬೆ, ಆರು ಅಪೂಪಗಳ ಉದಾಹರಣೆ ಮೊದಲನೆಯದಕ್ಕೆ ಸಲ್ಲುತ್ತದೆ. ಉನ್ಮತ್ತರು, ಮತ್ತರು, ಬಾಲರು ಆಡಿದಾಗ ಮಾತ್ರ ಅಪಾರ್ಥವು ದೋಷವಲ್ಲವೆಂದು ದಂಡಿಯ ಮತ.

ಬ್ರಹ್ಮಸೂತ್ರಭಾಷ್ಯದಲ್ಲಿ ಸ್ಯಾದ್ವಾದವನ್ನು ಖಂಡಿಸುವ ಶಂಕರರೂ ಮತ್ತ-ಉನ್ಮತ್ತರ ಹೋಲಿಕೆಯನ್ನೇ ಬಳಸಿದ್ದಾರೆ. ಆದರೆ ಅವರ ಆಕ್ಷೇಪವು ಅಪಾರ್ಥದ್ದಲ್ಲ, ವ್ಯರ್ಥದ್ದು: ಶೀತೋಷ್ಣಗಳಂತೆ, ಇರುವಿಕೆ ಮತ್ತು ಇಲ್ಲದಿರುವಿಕೆಗಳು ಒಂದೇ ವಸ್ತುವಿನಲ್ಲಿ ಏಕಕಾಲಕ್ಕೆ ಕೂಡಲಾರವು ಎಂಬುದು.

ಸಮಂತಭದ್ರರ ಆಪ್ತಮೀಮಾಂಸೆಯಲ್ಲಿ ಇದಕ್ಕೆ ಸಮಾಧಾನವು ಮೊದಲೇ ಸಿದ್ಧವಾಗಿದೆ. ವಸ್ತುವು ತನ್ನ ದ್ರವ್ಯ, ಕ್ಷೇತ್ರ, ಕಾಲ, ಭಾವಗಳಿಂದ ಇದೆ, ಪರದ್ರವ್ಯಾದಿಗಳಿಂದ ಇಲ್ಲ. ಮಂಗಸೂಳಿಯನ್ನೇ ನೋಡಬಹುದು. ಅದು ಮುಂಬಯಿ ರಾಜ್ಯದ ಊರು ಎಂದು ಒಂದು ಬರಹ, ಅಲ್ಲವೆಂದು ಇನ್ನೊಂದು ಬರಹ ಹೇಳಿದರೆ ಎರಡೂ ಸತ್ಯವಾಗಬಹುದು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಇದು ಕಾಲಭೇದವಾದ್ದರಿಂದ ಶಂಕರರ ‘ಏಕಕಾಲ’ಕ್ಕೆ ಉತ್ತರವಾಗದೆನ್ನಬಹುದು. ಕ್ಷೇತ್ರದ ಅಪೇಕ್ಷೆಯಲ್ಲಿ ಆ ಉತ್ತರವೂ ದೊರೆಯುತ್ತದೆ: ಈ ಕ್ಷಣದಲ್ಲೇ ಮಂಗಸೂಳಿ ಬೆಳಗಾವಿ ಜಿಲ್ಲೆಯಲ್ಲಿ ಇದೆ, ನೆರೆಯ ಸಾಂಗಲಿ ಜಿಲ್ಲೆಯಲ್ಲಿ ಇಲ್ಲ.

ಹಾಗೆಂದು ಆಕ್ಷೇಪವು ನಿರರ್ಥಕವಲ್ಲ. ‘ಸ್ಯಾತ್’ ಎಂಬುದನ್ನು ‘ಇರಬಹುದು’ ಎಂದು ಕನ್ನಡಿಸಿದರೆ ಸಿದ್ಧಾಂತವು ಅನಿಶ್ಚಯವಾಗಿ, ಶಂಕರರ ಮಾತೇ ನಿಲ್ಲುತ್ತದೆ. ಅದು ಕ್ರಿಯಾಪದವಲ್ಲ, ನಿಪಾತವೆಂದು ಸಮಂತಭದ್ರರೇ ಸ್ಪಷ್ಟಪಡಿಸಿದ್ದಾರೆ. ‘ಒಂದು ಅಪೇಕ್ಷೆಯಿಂದ’ ಎಂಬುದೇ ಅದರ ಅರ್ಥ. ಸಂಶಯವನ್ನು ಸೂಚಿಸುವ ಅನುವಾದವು ಪ್ರತಿವಾದಿಯ ಕೆಲಸವನ್ನು ತಾನೇ ಮಾಡಿಕೊಟ್ಟಂತೆ.

ಗ್ರಂಥಸಂಪಾದನೆಗೂ ಈ ವಿವೇಕ ಅವಶ್ಯಕ. ಲಿಪಿಕಾರನು ‘ಸ್ಯಾತ್’ ಎಂಬ ಒಂದು ಪದವನ್ನು ಬಿಟ್ಟರೆ ಸುಸಂಬದ್ಧವಾದ ವಿಚಾರವು ವ್ಯರ್ಥವಾಗಿ ತೋರುತ್ತದೆ. ಗರಿಗಳು ಹಿಂದುಮುಂದಾದರೆ ಅಪಾರ್ಥವಾಗಿ ತೋರುತ್ತದೆ. ಮೊದಲನೆಯದಕ್ಕೆ ಅಪೇಕ್ಷೆಯ ಅನ್ವೇಷಣೆ, ಎರಡನೆಯದಕ್ಕೆ ಕ್ರಮದ ಅನ್ವೇಷಣೆ ಪರಿಹಾರ. ಇವೆರಡನ್ನೂ ಮಾಡದೆ ಪಾಠವನ್ನು ತಿದ್ದಿದವನು ತನ್ನ ಅಜ್ಞಾನವನ್ನು ಕವಿಯ ಮೇಲೆ ಹೊರಿಸುತ್ತಾನೆ. ಹಾಗೆಯೇ, ಅನೇಕಾಂತದ ಹೆಸರಿನಲ್ಲಿ ಎಲ್ಲ ಅಸಂಬದ್ಧತೆಯನ್ನೂ ಸಮರ್ಥಿಸಲಾಗದು. ಹತ್ತು ದಾಳಿಂಬೆಗಳ ಮುಂದೆ ‘ಸ್ಯಾತ್’ ಎಂದಿಟ್ಟರೂ ಅದು ವಾಕ್ಯವಾಗದು.